ಕಟ್ಟುವವನ ಋಣ

ಗೃಹಸ್ಥನ ಮನೆಯಲ್ಲಿ ಐದು ಕೊಲೆಯ ತಾಣಗಳಿವೆ ಎಂದು ಮನುಸ್ಮೃತಿ ಎಣಿಸುತ್ತದೆ: ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ. ಬೇಯಿಸುವಾಗ, ಗುಡಿಸುವಾಗ, ನೀರು ತುಂಬುವಾಗ ಕಣ್ಣಿಗೆ ಬೀಳದ ಎಷ್ಟೋ ಜೀವಗಳು ಸಾಯುತ್ತವೆ; ಆ ಪಾಪ ಕಳೆಯಲು ದಿನವೂ ಪಂಚಮಹಾಯಜ್ಞ ಮಾಡಬೇಕು ಎಂಬುದು ಅದರ ವಿಧಿ. (ಮನುಷ್ಯರಲ್ಲೇ ಹಲವರ ಬಗ್ಗೆ ಆ ಗ್ರಂಥ ಇಷ್ಟು ಮರುಕ ತೋರಲಿಲ್ಲ ಎಂಬುದು ಬೇರೆ ಮಾತು.) ಪಾಪದ ಭಯವನ್ನು ಬದಿಗಿಟ್ಟು ನೋಡಿದರೂ ಇಲ್ಲಿ ಒಂದು ಲೆಕ್ಕದ ಶಿಸ್ತು ಉಳಿಯುತ್ತದೆ. ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಬರೀ ಬದುಕಿರುವುದರಿಂದಲೇ ಇನ್ನೊಂದು ಜೀವಕ್ಕೆ ಹಾನಿಯಾಗುತ್ತದೆ. ಆ ಹಾನಿ ಎಲ್ಲಿ ಆಗುತ್ತದೆಂದು ಬೆರಳಿಟ್ಟು ತೋರಿಸಬೇಕು. ತೋರಿಸಿದ ಮೇಲೆ ತೀರಿಸಬೇಕು. ಆದರೆ ಆ ಪಟ್ಟಿಯಲ್ಲಿ ಒಲೆಯ ಮೇಲಿನ ಸೂರು ಇಲ್ಲ, ಬೀಸುಕಲ್ಲು ಊರಿದ ನೆಲವೂ ಇಲ್ಲ. ಮನೆಯೊಳಗೆ ನಡೆಯುವ ಹಿಂಸೆಯ ಲೆಕ್ಕವಿದೆ, ಮನೆ ಏಳುವಾಗ ಆದ ಹಿಂಸೆಯ ಲೆಕ್ಕವಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಕಾಲಡಿಯ ಮಣ್ಣು, ಊರ ಮಗ್ಗುಲಿನ ಕಲ್ಲು, ಹೊಲದ ಬದುವಿನ ಮರ ಸೇರಿ ಆದ ಮನೆ ಬಿದ್ದರೆ ಮತ್ತೆ ಮಣ್ಣಾಗುತ್ತಿತ್ತು. ಅದರ ಋಣ ಊರ ಸೀಮೆ ದಾಟುತ್ತಿರಲಿಲ್ಲ. ಈಗ ದಾಟುತ್ತದೆ. ಆದ್ದರಿಂದಲೇ ಕಡಿಮೆ ಸಾಮಗ್ರಿ, ಕಡಿಮೆ ನೀರು, ಕಡಿಮೆ ವಿದ್ಯುತ್ತಿನಲ್ಲಿ ಕಟ್ಟಡ ಎಬ್ಬಿಸುವುದನ್ನು ಕಾಲೇಜಿನ ಹುಡುಗ ಹುಡುಗಿಯರಿಗೂ ವೃತ್ತಿಯಲ್ಲಿರುವ ಎಂಜಿನಿಯರುಗಳಿಗೂ ಕಲಿಸುವ ಪ್ರಯತ್ನ ನಡೆದಿದೆ. ಕಲಿಸುವವರು ಅದನ್ನು ತಂತ್ರಜ್ಞಾನದ ವಿಷಯವೆಂದು ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ಅದನ್ನು ಧರ್ಮದ ಚರ್ಚೆಗೆ ತರುವ ಅಗತ್ಯವಿರಲಿಲ್ಲ. ಮಿತವಾಗಿ ಕಟ್ಟುವುದು ಪಾಠ ಹೇಳಿ ಬರುವ ವಿದ್ಯೆಯೋ, ಹಿಡಿದು ಪಾಲಿಸುವ ವ್ರತವೋ? ವ್ರತವಿಲ್ಲದ ವಿದ್ಯೆ ಇಲ್ಲಿ ತನ್ನ ಉದ್ದೇಶವನ್ನೇ ಸೋಲಿಸುತ್ತದೆ, ವಿದ್ಯೆಯಿಲ್ಲದ ವ್ರತ ತನ್ನ ಪಾಪವನ್ನು ಪಕ್ಕದವನ ತಲೆಗೆ ಕಟ್ಟುತ್ತದೆ ಎಂಬುದು ಈ ಬರಹದ ವಾದ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಆದೋನಿ ಸೀಮೆ ತಕ್ಕ ಜಾಗ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕೌತಾಳ, ಕೋಸಿಗಿ, ಹೊಳಗುಂದ, ಹಾಲಹರ್ವಿಯ ಕಡೆ ಇಂದಿಗೂ ಕನ್ನಡ ಮನೆಮಾತು. ಕರಿಮಣ್ಣಿನ ಬಯಲು, ನಡುನಡುವೆ ಗ್ರಾನೈಟ್ ಗುಡ್ಡ, ನಂಬಲಾಗದ ಮಳೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಈ ನಾಲ್ಕಕ್ಕೂ ಉತ್ತರವಾಗಿ ಇಲ್ಲಿನವರು ಮಾಳಿಗೆ ಮನೆ ಕಟ್ಟಿಕೊಂಡರು. ಕಲ್ಲಿನ ತಳಪಾಯ, ಒಂದೂವರೆ ಎರಡು ಅಡಿ ದಪ್ಪದ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಡ್ಡಿ ಹಾಸಿ ಚೌಳು ಮಣ್ಣಿನ ಮುಚ್ಚಿಗೆ. ಚೌಳು ಮಣ್ಣಲ್ಲಿ ಬೆಳೆ ಬಾರದು. ಅದರ ಸೋಡಿಯಂ ಅಂಶ ಜೇಡಿಯ ಕಣಗಳನ್ನು ಬಿಡಿಸುತ್ತದೆ, ನೆನೆದಾಗ ಆ ಕಣಗಳು ಸಂದುಗಳನ್ನು ಮುಚ್ಚಿ ನೀರಿಳಿಯದಂತೆ ತಡೆಯುತ್ತವೆ. ಹೊಲಕ್ಕೆ ಶಾಪವಾದದ್ದು ಸೂರಿಗೆ ವರವಾಯಿತು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಒಂದಿಷ್ಟು ಹೊಸ ಮಣ್ಣು ಹಾಕಿದರೆ ಆಯಿತು. ನಡುಹಗಲಿನ ಕಾವು ದಪ್ಪ ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಜನ ಮಾಳಿಗೆ ಹತ್ತಿ ಮಲಗಿರುತ್ತಾರೆ. ಭೌತಶಾಸ್ತ್ರದ ಪುಸ್ತಕ ಇದನ್ನು ಉಷ್ಣದ ವಿಳಂಬ ಎನ್ನುತ್ತದೆ.

ಈ ಮನೆಯನ್ನು ಹೊಗಳುವುದು ಸುಲಭ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲಬೇಕು. ಅದರ ಮಿತಿ ವ್ರತದಿಂದ ಬಂದದ್ದಲ್ಲ. ಬೇರೆ ಗತಿ ಇರಲಿಲ್ಲ. ಕೋಟೆ, ಮಹಲು, ಗೋಪುರ ಕಟ್ಟಲು ಶಕ್ತಿ ಇದ್ದವರು ಎಂದೂ ಚೌಳು ಮಣ್ಣಿಗೆ ತೃಪ್ತರಾಗಲಿಲ್ಲ. ಹೆಚ್ಚು ತೆಗೆದುಕೊಳ್ಳಬಲ್ಲವನು ತೆಗೆದುಕೊಳ್ಳದಿದ್ದಾಗ ಅದು ಸಂಯಮ. ಸಿಗದವನು ತೆಗೆದುಕೊಳ್ಳದಿದ್ದರೆ ಅದು ಬಡತನ. ನಮ್ಮ ಹಿರಿಯರು ಪ್ರಕೃತಿಗೆ ಹೊಂದಿ ಬದುಕಿದರು ಎಂಬ ಮಾತಿನಲ್ಲಿ ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವ ಮೋಸವಿದೆ.

ಇನ್ನು ಋಣ ಸೀಮೆ ದಾಟಿದ ಬಗೆ. ಹಳೆಯ ಕರ್ನೂಲು ಜಿಲ್ಲೆಯ ಪೂರ್ವ ಭಾಗ, ಅಂದರೆ 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಬೇತಂಚೆರ್ಲ, ಬನಗಾನಪಲ್ಲೆಯ ಕಡೆ, ಸುಣ್ಣಕಲ್ಲಿನ ನೆಲ. ಆ ಕಲ್ಲನ್ನು ಸೀಳಿ ಚಪ್ಪಡಿ ಮಾಡಿದರೆ ಅದು ನಮ್ಮ ಮನೆಗಳ ಹಾಸುಗಲ್ಲು, ಅಡುಗೆಕಟ್ಟೆ, ಅಟ್ಟದ ಹಲಗೆ. ತೆಗೆದು ಕೊಯ್ಯುವ ಶ್ರಮ, ಸಾಗಿಸುವ ಡೀಸೆಲ್ಲು ಬಿಟ್ಟರೆ ಬೇರೆ ಹೊರೆಯಿಲ್ಲ. ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಅದೇ ಜಾತಿಯ ಕಲ್ಲನ್ನು ಗೂಡಿನಲ್ಲಿ ಸುಟ್ಟು ಸಿಮೆಂಟು ಮಾಡಿದರೆ, ನೂರು ಕಿಲೋ ಶುದ್ಧ ಸುಣ್ಣಕಲ್ಲಿನಲ್ಲಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಇದು ಸುಡುವ ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗೇ ಇದ್ದದ್ದು. ಗೂಡಿಗೆ ಸೂರ್ಯನ ಶಾಖವನ್ನೇ ಕೊಟ್ಟರೂ ಆ ನಲವತ್ತನಾಲ್ಕು ಕಿಲೋ ತಪ್ಪದು. ಜಗತ್ತಿನ ಒಟ್ಟು ಇಂಗಾಲದ ಹೊರಸೂಸುವಿಕೆಯಲ್ಲಿ ಶೇಕಡ 7ರಿಂದ 8 ಸಿಮೆಂಟಿನದು. ಇತ್ತ ಮರಳಿಗೆ ತುಂಗಭದ್ರೆಯ ಪಾತ್ರ, ಹಗರಿಯ ಪಾತ್ರ. ಮನುವಿನ ಪಟ್ಟಿಗೆ ಆರನೆಯ ತಾಣ ಸೇರಿದರೆ ಅದು ಮನೆಯ ಯಾವ ಮೂಲೆಯಲ್ಲೂ ಕಾಣುವುದಿಲ್ಲ: ನೂರು ಮೈಲಿ ಆಚೆಯ ಗೂಡಿನಲ್ಲಿ, ಬತ್ತಿದ ಹೊಳೆಯಲ್ಲಿ, ಇನ್ನೂ ಹುಟ್ಟದವರ ಬೇಸಿಗೆಯಲ್ಲಿ ಇರುತ್ತದೆ.

ಕಾಣದ್ದನ್ನು ಕಾಣಿಸುವುದೇ ವಿದ್ಯೆಯ ಕೆಲಸ, ಅದನ್ನು ಕಲಿಸುವ ಕೆಲಸ ನಮ್ಮ ಸುತ್ತಲೇ ಶುರುವಾಗಿ ಅರ್ಧ ಶತಮಾನವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಅಲ್ಲಿ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿ ಮಾಡಿದ ಇಟ್ಟಿಗೆಯನ್ನು ರೂಢಿಗೆ ತಂದರು. ಹೈದರಾಬಾದಿನಲ್ಲಿ 2001ರಿಂದ ಹಸಿರು ಕಟ್ಟಡ ಪರಿಷತ್ತು ವೃತ್ತಿಯವರಿಗೆ ತರಬೇತಿ, ಪರೀಕ್ಷೆ ನಡೆಸುತ್ತಿದೆ. ವಸತಿ ಕಟ್ಟಡಗಳಿಗೆ 2018ರಲ್ಲಿ ಇಕೋ ನಿವಾಸ್ ಸಂಹಿತೆ ಬಂತು. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆ ದೊಡ್ಡ ವಸತಿ ಕಟ್ಟಡಗಳನ್ನೂ ತನ್ನ ಕಕ್ಷೆಗೆ ತಂದುಕೊಂಡಿತು. ಆದೋನಿಯ ಹುಡುಗ ಕರ್ನೂಲಿಗೆ ಹೋಗಿ ಓದಲಿ, ಬಳ್ಳಾರಿಗೆ ಹೋಗಿ ಓದಲಿ, ಪದವಿ ಮುಗಿಯುವುದರೊಳಗೆ ಇವುಗಳಲ್ಲಿ ಕೆಲವು ಹೆಸರಾದರೂ ಕಿವಿಗೆ ಬೀಳುತ್ತವೆ. ಈ ವಿದ್ಯೆ ಸುಳ್ಳಲ್ಲ, ಸಣ್ಣದೂ ಅಲ್ಲ. ವೆಂಕಟರಾಮ ರೆಡ್ಡಿ, ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಾಂಕ್ರೀಟು ಚೌಕಟ್ಟಿನ ಬಹುಮಹಡಿ ಕಟ್ಟಡಕ್ಕೆ ಒಂದು ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ಹೋಗುತ್ತದೆ. ಮಣ್ಣಿನ ಇಟ್ಟಿಗೆ, ಸಾಮಗ್ರಿ ಉಳಿಸುವ ಚಾವಣಿ ಇರುವ ಎರಡಂತಸ್ತಿನ ಮನೆಗೆ 1.61. ಅರ್ಧಕ್ಕಿಂತ ಕಡಿಮೆ.

ಈಗ ಅದೇ ಅಂಕಿಗಳನ್ನು ಇನ್ನೊಂದು ರೀತಿ ಗುಣಿಸಿ ನೋಡೋಣ. ನಾಲ್ಕು ಜನರ ಒಂದು ಸಂಸಾರ ನಗರದ ಬಹುಮಹಡಿ ಕಟ್ಟಡದ 60 ಚದರ ಮೀಟರ್ ಫ್ಲಾಟಿನಲ್ಲಿದೆ: ಸುಮಾರು 253 ಗಿಗಾಜೂಲ್. ಇನ್ನೊಂದು ನಾಲ್ಕು ಜನರ ಸಂಸಾರ ಊರ ಹೊರಗೆ ಮಣ್ಣಿನ ಇಟ್ಟಿಗೆಯಲ್ಲಿ, ಪತ್ರಿಕೆಗಳಲ್ಲಿ ಚಿತ್ರ ಬರುವಂಥ 400 ಚದರ ಮೀಟರಿನ ಮನೆ ಕಟ್ಟಿಸಿದೆ: 644 ಗಿಗಾಜೂಲ್. ಪ್ರಶಸ್ತಿ ಎರಡನೆಯ ಮನೆಗೇ ಹೋಗುತ್ತದೆ. ನಮ್ಮ ಸಂಹಿತೆಗಳೂ ರೇಟಿಂಗುಗಳೂ ಬಹುಮಟ್ಟಿಗೆ ಚದರ ಮೀಟರಿನಿಂದ ಭಾಗಿಸುತ್ತವೆ, ತಲೆಯಿಂದ ಭಾಗಿಸುವುದಿಲ್ಲ. ಭಾಜಕ ಬದಲಾದ ಕೂಡಲೇ ಹಸಿರು ಮನೆ ಸಾಧಾರಣ ಫ್ಲಾಟಿಗಿಂತ ಎರಡೂವರೆ ಪಟ್ಟು ಹೊರೆಯಾಗುತ್ತದೆ. 1865ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ ಕಲ್ಲಿದ್ದಲಿನ ಬಗ್ಗೆ ಇದನ್ನೇ ಕಂಡಿದ್ದ: ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಂತೆ ದೇಶದ ಒಟ್ಟು ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸುತ್ತಾರೆ. ಮಿತವಾಗಿ ಕಟ್ಟುವ ಜಾಣ್ಮೆಯನ್ನಷ್ಟೇ ಕಲಿಸಿದರೆ ಹೆಚ್ಚು ಕಟ್ಟುವ ಅನುಕೂಲವನ್ನು ಕಲಿಸಿದಂತಾಗುತ್ತದೆ. ಎಷ್ಟು ಸಾಕು ಎಂಬ ಪ್ರಶ್ನೆಗೆ ಯಾವ ಸೂತ್ರದಲ್ಲೂ ಸ್ಥಾನವಿಲ್ಲ. ಆ ಪ್ರಶ್ನೆಯನ್ನು ಸಾವಿರಾರು ವರ್ಷ ಜತನ ಮಾಡಿಟ್ಟವರು ಧಾರ್ಮಿಕ ಪರಂಪರೆಯವರು.

ಹಾಗಾದರೆ ಅವರೇನು ಹೇಳಿದರು? ಈ ಸೀಮೆಯ ಹೆಸರಾದ ಕ್ಷೇತ್ರ ಮಂತ್ರಾಲಯ. ಅಲ್ಲಿ 1671ರಲ್ಲಿ ವೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ಈಶಾವಾಸ್ಯೋಪನಿಷತ್ತಿಗೂ ಖಂಡಾರ್ಥವೆಂಬ ವ್ಯಾಖ್ಯಾನ ಬರೆದವರು. ಮಾಧ್ವ ಮತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದ ಎಲ್ಲವೂ ಅವನ ಅಧೀನ. ಆ ಉಪನಿಷತ್ತಿನ ಮೊದಲ ಮಂತ್ರವನ್ನು ಮಧ್ವರು, ಅವನು ಕೊಟ್ಟಷ್ಟನ್ನು ಅನುಭವಿಸು, ಇನ್ನೊಬ್ಬರದಕ್ಕೆ ಆಸೆಪಡಬೇಡ ಎಂಬ ಅರ್ಥದಲ್ಲಿ ಓದಿದರು. ಒಡೆತನವೇ ಇಲ್ಲದ ಮೇಲೆ ಕಟ್ಟುವವನು ಕಲ್ಲಿಗೂ ನೀರಿಗೂ ಒಕ್ಕಲು ಮಾತ್ರ. ವೃಂದಾವನಕ್ಕೆ ಹತ್ತಿರದ ಮಾಧವರಂ ಗ್ರಾಮದ ಬಂಡೆಯನ್ನು ಸ್ವಾಮಿಗಳೇ ಗೊತ್ತು ಮಾಡಿದರು, ಅದರ ಮೇಲೆ ಶ್ರೀರಾಮ ವಿಶ್ರಮಿಸಿದ್ದನೆಂಬುದು ಕಾರಣ ಎಂದು ಮಠದ ಪರಂಪರೆ ಹೇಳುತ್ತದೆ. ಮಂಚಾಲೆಯ, ಅಂದರೆ ಇಂದಿನ ಮಂತ್ರಾಲಯದ, ನೆಲವನ್ನು ಕೊಟ್ಟವನು ಆದೋನಿಯ ಅಧಿಪತಿ ಸಿದ್ದಿ ಮಸೂದ್ ಖಾನ್ ಎಂದೂ ಅದೇ ಪರಂಪರೆ ನೆನೆಯುತ್ತದೆ. ಅವನ ಊರಿನ ಜಾಮಿಯಾ ಮಸೀದಿಯಲ್ಲಿ ಕೈಕಾಲು ತೊಳೆಯುವವರಿಗೂ ಒಂದು ಕಟ್ಟಳೆ ಗೊತ್ತಿದೆ: ಹರಿವ ನದಿಯ ದಡದಲ್ಲಿದ್ದರೂ ವಜೂ ಮಾಡುವಾಗ ನೀರು ಪೋಲು ಮಾಡಬಾರದು. ನದಿಗೆ ಕೊರತೆಯಾಗುತ್ತದೆಂದು ಅಲ್ಲ, ಮಿತಿ ತಪ್ಪಿದ ಕೈ ಕೆಡುತ್ತದೆ ಎಂದು.

ಇವೆಲ್ಲಕ್ಕಿಂತ ನಿಖರವಾಗಿ ಮಾತಾಡುವವರು ಜೈನರು. ಗುಂತಕಲ್ಲಿನ ಹತ್ತಿರದ ಕೊನಕೊಂಡ್ಲ ಕುಂದಕುಂದಾಚಾರ್ಯರ ಊರೆಂದು ಪ್ರಸಿದ್ಧ, ಅದು ಈ ಸೀಮೆಗೆ ತಾಗಿಯೇ ಇದೆ. ಜೈನ ಶ್ರಾವಕಾಚಾರ ಗೃಹಸ್ಥರಿಗೆ ಹದಿನೈದು ವೃತ್ತಿಗಳನ್ನು ಬೇಡವೆನ್ನುತ್ತದೆ. ಕೆಂಡದ ವೃತ್ತಿ, ಅಂದರೆ ಇದ್ದಿಲು ಸುಡುವುದು, ಇಟ್ಟಿಗೆ ಗೂಡು ನಡೆಸುವುದು, ಕಾಡು ಕಡಿಯುವುದು, ನೆಲ ಅಗೆದು ಒಡೆಯುವುದು ಆ ಪಟ್ಟಿಯಲ್ಲಿವೆ. ಕಟ್ಟಡವೊಂದರ ಹಿಂದಿನ ಹಿಂಸೆ ಎಲ್ಲೆಲ್ಲಿದೆ ಎಂದು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಹಳೆಯ ಪಟ್ಟಿ ಇನ್ನೊಂದು ಸಿಗುವುದು ಕಷ್ಟ. ಆದರೂ ಬಸದಿಗಳು ಎದ್ದವು, ಮನೆಗಳು ಎದ್ದವು. ಕಲ್ಲು ಒಡೆದವರು, ಇಟ್ಟಿಗೆ ಸುಟ್ಟವರು ಬೇರೆ ಜಾತಿಯವರು. ಪಾಪ ಮಾಡುವ ಕೈಗೆ ಅಂಟಿತು, ಮಾಡಿಸಿದ ಹಣಕ್ಕೆ ಅಂಟಲಿಲ್ಲ. ಭೂಮಿಪೂಜೆಯ ದಿನ ಕ್ಷಮೆ ಕೇಳಿ ಮಾರನೆಯ ದಿನ ಜೆಸಿಬಿ ತರಿಸುವ ನಮ್ಮ ಪದ್ಧತಿಯೂ ಇದೇ ಜಾತಿಯದು. ಆರನೆಯ ಶತಮಾನದ ವರಾಹಮಿಹಿರ ಮೂರ್ತಿಗಾಗಿ ಮರ ಕಡಿಯುವ ಮುನ್ನ ಅದರಲ್ಲಿ ನೆಲೆಸಿದ ಭೂತಗಳನ್ನು ಪೂಜಿಸಿ, ಬೇರೆ ನೆಲೆ ನೋಡಿಕೊಳ್ಳಿರೆಂದು ಬೇಡಿಕೊಳ್ಳಬೇಕೆಂದು ವಿಧಿಸಿದ. ಆ ವಿನಯ ದೊಡ್ಡದು, ಆದರೆ ಎಷ್ಟನೆಯ ಮರಕ್ಕೆ ಕೊಡಲಿ ಇಳಿಸಬೇಕೆಂದು ಅದು ಹೇಳುವುದಿಲ್ಲ. ವ್ರತ ತನ್ನ ಕೈಯನ್ನಷ್ಟೇ ನೋಡಿಕೊಳ್ಳುತ್ತದೆ. ಸರಕು ಹಾದುಬಂದ ದಾರಿಯನ್ನೆಲ್ಲ ಹಿಂಬಾಲಿಸಿ ಹೋಗಿ, ಗಣಿಯ ಹೊರೆಯನ್ನು ಮನೆಯೊಡೆಯನ ಖಾತೆಗೆ ಬರೆಯುವ ಶಿಸ್ತು ಎಂಜಿನಿಯರಿನ ಜೀವನಚಕ್ರ ಲೆಕ್ಕದಲ್ಲಿದೆ. ಆ ಲೆಕ್ಕ ಇಲ್ಲದಿದ್ದರೆ ಅಪರಿಗ್ರಹ ಹೇಳುವವನ ಮನೆಯ ತಳದಲ್ಲೂ ನೂರು ಚೀಲ ಸಿಮೆಂಟು ಇರಬಹುದು, ಅವನಿಗೆ ತಿಳಿಯದಿರಬಹುದು.

ವಿದ್ಯೆ ಮತ್ತು ವ್ರತ ಎರಡೂ ಕೂಡಿದ ಒಂದು ಚಿತ್ರ ನಮ್ಮಲ್ಲಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಶರಣ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಇಲ್ಲಿ ಲಕ್ಕಮ್ಮನಿಗೆ ಎರಡು ಗೊತ್ತಿತ್ತು. ಆ ದಿನಕ್ಕೆ ಎಷ್ಟು ಬೇಕೆಂಬ ಅಳತೆ ಗೊತ್ತಿತ್ತು. ಹೆಚ್ಚಿನದು ತನ್ನದಲ್ಲವೆಂಬ ನಿಷ್ಠೆ ಇತ್ತು. ಅಳತೆ ಗೊತ್ತಿಲ್ಲದಿದ್ದರೆ ಹೆಚ್ಚಾಯಿತೆಂದೇ ತಿಳಿಯುತ್ತಿರಲಿಲ್ಲ, ನಿಷ್ಠೆ ಇಲ್ಲದಿದ್ದರೆ ಮರಳಿಸುತ್ತಿರಲಿಲ್ಲ. ನಮ್ಮ ವಾಸ್ತುಶಿಲ್ಪಿಗೂ ಎಂಜಿನಿಯರನಿಗೂ ಕಲಿಸಬೇಕಾದ್ದು ಈ ಜೋಡಿ.

ಇದಕ್ಕೆ ಮೊದಲ ಆಕ್ಷೇಪ ಬರುವುದು ಕೋಸಿಗಿ, ಕೌತಾಳದ ಹಳ್ಳಿಗಳಿಂದಲೇ, ಮತ್ತು ಅದು ನಿಜವಾದ ಆಕ್ಷೇಪ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಂಟೂರಿನ ಕಡೆ ಮೆಣಸಿನಕಾಯಿ, ಹತ್ತಿ ಬಿಡಿಸಲು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗುವ ಜನರಿಗೆ ಸಾಕು ಎಂಬ ಪಾಠ ಹೇಳುವುದು ಅನ್ಯಾಯವಲ್ಲವೇ? ತಲೆತಲಾಂತರ ಸೋರುವ ಮಾಳಿಗೆಯ ಕೆಳಗೆ ಬದುಕಿದವರು ಈಗ ಸ್ಲ್ಯಾಬ್ ಮನೆ ಬಯಸಿದರೆ ಭೂಮಿ ಬಿಸಿಯಾಗುತ್ತದೆ ಎಂದು ಅವರನ್ನೇ ತಡೆಯಬೇಕೇ? ತಡೆಯಬಾರದು. ಮಿತಿಯ ಮಾತು ಇರುವವರಿಗೆ, ಅದರಲ್ಲೂ ಇರುವವರಿಗಾಗಿ ನಕ್ಷೆ ಬರೆಯುವವರಿಗೆ. 2020ರ ಡಿಸೆಂಬರಿನಲ್ಲಿ ಆಂಧ್ರ ಸರ್ಕಾರ ಶುರುಮಾಡಿದ ಬಡವರ ಮನೆ ಯೋಜನೆಯಲ್ಲಿ ಹಳ್ಳಿಯಲ್ಲಿ ಒಂದೂವರೆ ಸೆಂಟು, ಪಟ್ಟಣದಲ್ಲಿ ಒಂದು ಸೆಂಟು ನಿವೇಶನ ಕೊಟ್ಟರು. ಒಂದು ಸೆಂಟೆಂದರೆ 435 ಚದರ ಅಡಿ. ಅಲ್ಲಿ ಮಿತಿಯನ್ನು ಯಾರೂ ಕಲಿಸಬೇಕಾಗಿಲ್ಲ. ಅಲ್ಲಿ ಕಲಿಸಬೇಕಾದ್ದು ವಿದ್ಯೆಯ ಭಾಗ, ಮತ್ತು ಅದನ್ನು ಕಲಿಯಬೇಕಾದವನು ಬಡವನಲ್ಲ, ಎಂಜಿನಿಯರು. ಮೇಲೆ ಏನೂ ಹೊದಿಸದ ಬರಿಯ ಕಾಂಕ್ರೀಟು ಸ್ಲ್ಯಾಬು ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಮೂರು ವ್ಯಾಟಿಗೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಇಕೋ ನಿವಾಸ್ ಸಂಹಿತೆ ಒಪ್ಪುವ ಗರಿಷ್ಠ 1.2. ಮೇ ತಿಂಗಳ ಆದೋನಿಯಲ್ಲಿ ಆ ಸ್ಲ್ಯಾಬಿನ ಕೆಳಗೆ ರಾತ್ರಿ ಹತ್ತು ಗಂಟೆಗೂ ಮಲಗಲಾಗದು. ಬೆಂಗಳೂರಿನ ರೇಟಿಂಗ್ ಪಡೆದ ತಂಪು ಕಚೇರಿಗಳಿಗೆ ಕಾಂಕ್ರೀಟು ಹೊತ್ತ ಮನುಷ್ಯ ಹಬ್ಬಕ್ಕೆ ಊರಿಗೆ ಬಂದು ಮಲಗುವುದು ಈ ಕಾದ ಸೂರಿನ ಕೆಳಗೆ. ಬಿಳಿ ಸುಣ್ಣದ ಲೇಪ, ಸ್ಲ್ಯಾಬಿನ ನಡುವೆ ಹೆಂಚು ತುಂಬಿ ಕಾಂಕ್ರೀಟು ಉಳಿಸುವ ವಿಧಾನ, ಬಿಸಿಗಾಳಿ ಹೊರಹೋಗಲು ಗೋಡೆಯ ತುದಿಯಲ್ಲೊಂದು ಬೆಳಕಿಂಡಿ: ಇವಕ್ಕೆ ಹೆಚ್ಚು ದುಡ್ಡು ಬೇಡ, ಗೊತ್ತಿರುವವರು ಬೇಕು. ಬಡವನಿಗೆ ಕಡಿಮೆ ಕೊಡುವುದನ್ನು ಮಿತಿ ಎಂದು ಕರೆದರೆ ಅದು ಧರ್ಮದ ಹೆಸರಿನ ಜಿಪುಣತನ.

ಎರಡನೆಯ ಆಕ್ಷೇಪ ಇನ್ನೂ ನೇರ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದಾಗ ಹೊಳೆಯ ಎರಡೂ ದಂಡೆಯಲ್ಲಿ ಮೊದಲು ಕುಸಿದದ್ದು ಮಣ್ಣಿನ ಮನೆ. ಮಣ್ಣನ್ನು ಹೊಗಳುವವರು ಅಂಥ ಮನೆಯಲ್ಲಿ ಮಲಗುವವರಲ್ಲ ಎಂಬ ಕೊಂಕಿಗೆ ಉತ್ತರ ಕೊಡಬೇಕಾಗುತ್ತದೆ. ಉತ್ತರ ಇಷ್ಟೇ: ಈ ವಾದ ಮಣ್ಣಿನ ಪರ ಅಲ್ಲ, ಲೆಕ್ಕದ ಪರ. ಹೊಳೆದಂಡೆಯಲ್ಲಿ ಕಲ್ಲು, ಸಿಮೆಂಟು, ಉಕ್ಕು ಬೇಕಾದಲ್ಲಿ ಹಾಕದಿರುವುದು ಪಾಪವೇ. ಜೀವ ಉಳಿಸುವ ಸಿಮೆಂಟಿಗೆ ಯಾವ ಪ್ರಾಯಶ್ಚಿತ್ತವೂ ಬೇಡ. ಆದರೆ ಗುಡ್ಡದ ಮಗ್ಗುಲಿನ, ನೆರೆ ಕಾಣದ ಆಲೂರಿನ ಒಂದಂತಸ್ತಿನ ಮನೆಗೆ ಒಂಬತ್ತು ಕಾಂಕ್ರೀಟು ಕಂಬ ಯಾಕೆ? ಭೂಕಂಪದ 2002ರ ನಕ್ಷೆಯಲ್ಲಿ ಈ ಪ್ರದೇಶ ಎರಡನೇ ವಲಯದಲ್ಲಿದೆ, ಅಂದರೆ ಅತಿ ಕಡಿಮೆ ಅಪಾಯದ ವಲಯ. ಭಾರ ಹೊರುವ ಗೋಡೆಯ ಮೇಲೆ ಎರಡು ಅಂತಸ್ತು ನಿಶ್ಚಿಂತೆಯಿಂದ ನಿಲ್ಲುತ್ತದೆ. ಕಂಬ ಬಂದದ್ದು ಅಗತ್ಯದಿಂದ ಅಲ್ಲ, ಕಂಬವಿದ್ದರೆ ಗಟ್ಟಿ, ಕಂಬವಿದ್ದರೆ ಅಂತಸ್ತು ಎಂಬ ನಂಬಿಕೆಯಿಂದ.

ಈ ನಂಬಿಕೆಯ ಹಿಂದಿರುವ ಭಯದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ತರಬೇತಿಯ ಒಳಗಿನ ಧಾರ್ಮಿಕ ಪ್ರಶ್ನೆ ಇಲ್ಲಿದೆ. 2000ದ ಐಎಸ್ 456 ಸಂಹಿತೆ ಕಾಂಕ್ರೀಟಿನ ಬಲವನ್ನು 1.5ರಿಂದಲೂ ಉಕ್ಕಿನದನ್ನು 1.15ರಿಂದಲೂ ಭಾಗಿಸಿ, ಹೊರೆಯನ್ನು 1.5ರಿಂದ ಗುಣಿಸಿಯೇ ಲೆಕ್ಕ ಮಾಡುವಂತೆ ಹೇಳುತ್ತದೆ. ಅಂದರೆ ಅನಿಶ್ಚಿತತೆಗೆ ಕೊಡಬೇಕಾದ ಗೌರವವನ್ನು ಸಂಹಿತೆಯೇ ಕೊಟ್ಟಿದೆ. ಅದರ ಮೇಲೆ ಎಂಜಿನಿಯರು ಒಂದು ಸರಳು ಸೇರಿಸುತ್ತಾನೆ, ಮೇಸ್ತ್ರಿ ಇರಲಿ ಬಿಡ್ರಿ ಎಂದು ಇನ್ನೊಂದು ಸೇರಿಸುತ್ತಾನೆ, ಮಾಲೀಕ ಮುಂದೆ ಮೇಲಂತಸ್ತು ಕಟ್ಟಿದರೆ ಎಂದು ಮತ್ತೂ ಒಂದು. ಕಟ್ಟಡ ಬಿದ್ದರೆ ಬೈಯುವವರಿದ್ದಾರೆ, ಹೆಚ್ಚಾದ ಉಕ್ಕಿಗೆ ಬೈಯುವವರಿಲ್ಲ. ತನ್ನ ಲೆಕ್ಕವನ್ನು ತಾನೇ ನಂಬಲಾರದವನು ಭೂಮಿಯ ಖರ್ಚಿನಲ್ಲಿ ನಿದ್ದೆ ಕೊಳ್ಳುತ್ತಾನೆ. ಇದನ್ನು ಕಳೆಯಲು ಸೂತ್ರ ಬಾಯಿಪಾಠ ಮಾಡಿಸಿದರೆ ಸಾಲದು. ಲೆಕ್ಕಕ್ಕೆ ತಲೆಕೊಡುವ ಧೈರ್ಯ ಬೇಕು, ಆ ಧೈರ್ಯ ಗಟ್ಟಿ ಅಭ್ಯಾಸದಿಂದ ಬರುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸಿ ಕಾಲುಭಾಗ ಇಟ್ಟಿಗೆ ಉಳಿಸಿದರು. ಅದರ ಹಿಂದೆ ಗಾಂಧಿಯ ವಿಚಾರವೂ ಇತ್ತು, ಐದು ಮೈಲಿಯೊಳಗಿನ ಸಾಮಗ್ರಿಯಲ್ಲೇ ಮನೆಯಾಗಬೇಕೆಂಬುದು. ಗೋಡೆಯ ಲೆಕ್ಕವೂ ಪಕ್ಕಾ ಇತ್ತು. ಎರಡರಲ್ಲಿ ಒಂದೇ ಇದ್ದಿದ್ದರೆ ಒಬ್ಬ ಒಳ್ಳೆಯ ಮನುಷ್ಯನೋ ಒಬ್ಬ ಒಳ್ಳೆಯ ಗುತ್ತಿಗೆದಾರನೋ ಆಗಿ ಮುಗಿಯುತ್ತಿತ್ತು.

ಮಾಲೀಕ ಕೇಳಿದ್ದನ್ನು ಕಟ್ಟಿಕೊಡುವುದಷ್ಟೇ ಎಂಜಿನಿಯರನ ಕರ್ತವ್ಯ, ಎಷ್ಟು ದೊಡ್ಡದು ಬೇಕೆಂದು ಕೇಳುವ ಅಧಿಕಾರ ಅವನಿಗೆಲ್ಲಿದೆ ಎನ್ನುವವರೂ ಇದ್ದಾರೆ. ಆದರೆ ಇದೇ ಎಂಜಿನಿಯರು ಮಾಲೀಕ ಎಷ್ಟು ಬೇಡಿದರೂ ಮೆಟ್ಟಿಲಿನ ಸರಳು ಕಡಿಮೆ ಮಾಡುವುದಿಲ್ಲ. ನಾಳೆ ಆ ಮೆಟ್ಟಿಲು ಹತ್ತುವ ಬಾಡಿಗೆದಾರ, ಹಾಲಿನವನು, ಮಗು ಇವರ ಮೇಲಿನ ಹೊಣೆ ಮಾಲೀಕನ ಮಾತಿಗಿಂತ ದೊಡ್ಡದೆಂದು ಅವನ ವೃತ್ತಿ ಈಗಾಗಲೇ ಒಪ್ಪಿದೆ. ಹಣ ಕೊಡದವರಿಗೂ ಹೊಣೆಗಾರನಾಗುವ ತತ್ವ ಬಾಗಿಲ ಒಳಗೆ ಸರಿಯಾದರೆ ಬಾಗಿಲ ಹೊರಗೆ, ಹಗರಿಯ ದಂಡೆಯ ಗುಳ್ಯದಲ್ಲಿ ಬಾವಿ ಬತ್ತುವವನಿಗೆ, ಯಾಕೆ ಸಲ್ಲಬಾರದು? ಇನ್ನು ಧರ್ಮವನ್ನು ತರಗತಿಗೆ ತಂದರೆ ಯಾರ ಧರ್ಮವನ್ನು ತರುತ್ತೀರಿ ಎಂಬ ಎಚ್ಚರಿಕೆ ಸರಿಯಾದದ್ದೇ. ಉರುಕುಂದ ಈರಣ್ಣನ ಒಕ್ಕಲು, ಗುಳ್ಯದ ಗಾದಿಲಿಂಗಪ್ಪನ ಒಕ್ಕಲು, ಮಸೀದಿಗೆ ಹೋಗುವವರು, ಎಲ್ಲಿಗೂ ಹೋಗದವರು ಒಂದೇ ಬೆಂಚಿನಲ್ಲಿ ಕೂರುವ ಊರು ಇದು. ಸಿದ್ಧಾಂತ ಯಾವುದನ್ನೂ ಕಲಿಸಬೇಕಿಲ್ಲ. ತೆಗೆದುಕೊಂಡದ್ದಕ್ಕೆ ಲೆಕ್ಕ ಒಪ್ಪಿಸಬೇಕು ಎಂಬ ಒಂದು ಕಟ್ಟುಪಾಡು ಇವರೆಲ್ಲರ ಮನೆಯಲ್ಲೂ ಇದೆ, ದೇವರನ್ನು ನಂಬದವನ ಮನೆಯಲ್ಲೂ. ಕಾಲೇಜು ಅದಕ್ಕೊಂದು ರೂಪ ಕೊಟ್ಟರೆ ಸಾಕು.

ಆ ರೂಪ ಹೇಗಿರಬಹುದು? ಈಗ ವಿನ್ಯಾಸದ ಪಾಠದಲ್ಲಿ ವಿಸ್ತೀರ್ಣವನ್ನು ಮೊದಲೇ ಕೊಟ್ಟಿರುತ್ತಾರೆ: ಇಷ್ಟು ಚದರ ಅಡಿಯ ಮನೆ, ನಕ್ಷೆ ಬರೆ. ಅದರ ಬದಲು ಒಂದು ಸಂಸಾರವನ್ನು ಕೊಡಬೇಕು. ವಿಸ್ತೀರ್ಣ ವಿದ್ಯಾರ್ಥಿಯೇ ವಾದಿಸಿ ಗೆಲ್ಲಬೇಕಾದ ಸಂಗತಿಯಾಗಬೇಕು. ಪ್ರತಿ ಟನ್ನು ಸಿಮೆಂಟು, ಪ್ರತಿ ಲಾರಿ ಮರಳು ಎಲ್ಲಿಂದ ಬಂತೆಂದು ಬರೆದು, ತಲೆಗೆ ಎಷ್ಟೆಂದು ಭಾಗಿಸಿ, ಕೆಳಗೆ ಹೆಸರು ಹಾಕಬೇಕು. ಕಟ್ಟದೆ ಇರುವುದೂ ಉತ್ತರವಾಗಬಹುದು. ಹತ್ತಿ ವ್ಯಾಪಾರದ ಆದೋನಿಯಲ್ಲಿ ಹಳೆಯ ಗೋದಾಮುಗಳ ಗೋಡೆ ಹೊಸದಾಗಿ ಎಬ್ಬಿಸುವ ಯಾವ ಹಸಿರು ಗೋಡೆಗಿಂತಲೂ ಅಗ್ಗದ ಋಣ. ಮೌಖಿಕ ಪರೀಕ್ಷೆಯಲ್ಲಿ ಪ್ರಾಧ್ಯಾಪಕರ ಪಕ್ಕ ಒಬ್ಬ ಗೌಂಡಿ, ಒಬ್ಬ ಮನೆವಾರ್ತೆಯವಳು ಕೂರಬೇಕು, ಪ್ರಶ್ನೆ ಅವರ ಮಾತಿನಲ್ಲೇ, ಕನ್ನಡವೋ ತೆಲುಗೋ ಉರ್ದುವೋ, ಬರಬೇಕು. ಚೌಳು ಮಣ್ಣಿನ ಗುಣ ಬಲ್ಲವರು ಇಂಗ್ಲಿಷ್ ಪರೀಕ್ಷೆಯ ಆಚೆಗಿದ್ದಾರೆ. ಮಣ್ಣು, ಕಲ್ಲಿನ ಜ್ಞಾನವನ್ನು ಜಾತಿಗೆ ಕಟ್ಟಿಹಾಕಿ, ಆ ಜಾತಿಯವರನ್ನು ಊರ ಹೊರಗಿಟ್ಟ ಸಮಾಜ ಅವರಿಂದ ಕಲಿಯಲು ಕೂರುವುದಿದ್ದರೆ ಮೇಜಿನ ಈ ಬದಿಯಲ್ಲಿ ಕುರ್ಚಿ ಕೊಟ್ಟೇ ಕೂರಬೇಕು.

ಇಂಥ ತರಗತಿಗೆ ಈ ಸೀಮೆ ಕೊಡಬಹುದಾದ ಕಠಿಣ ಪ್ರಶ್ನೆ ಮಂತ್ರಾಲಯದ ಯಾತ್ರಿನಿವಾಸ. ಗುರುವಾರ ಜನ ತುಂಬುತ್ತಾರೆ. ಶ್ರಾವಣ ಬಹುಳ ಪಾಡ್ಯದಿಂದ ತದಿಗೆಯವರೆಗಿನ ಆರಾಧನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ಎಷ್ಟೋ ದಿನ ಸಾಧಾರಣ. ಎಷ್ಟು ಕೋಣೆ ಕಟ್ಟಬೇಕು? ಆರಾಧನೆಯ ಜನಕ್ಕೆ ಅಳೆದರೆ ವರ್ಷದ ಹೆಚ್ಚಿನ ದಿನ ಬೀಗ ಹಾಕಿದ ಕಾಂಕ್ರೀಟು ಬಿಸಿಲಲ್ಲಿ ಕಾಯುತ್ತಿರುತ್ತದೆ, ಅದೂ ಒಮ್ಮೆ ಉಕ್ಕಿ ತೋರಿಸಿದ ಹೊಳೆಯ ಪಕ್ಕದಲ್ಲಿ. ಸಾಮಾನ್ಯ ವಾರಕ್ಕೆ ಅಳೆದರೆ ಆ ಮೂರು ರಾತ್ರಿ ಸಾವಿರಾರು ಜನ ಚಪ್ಪರದ ಕೆಳಗೆ ಚಾಪೆ ಹಾಸಬೇಕು. ಕ್ಷೇತ್ರದಲ್ಲಿ ಸೇವೆಗೆ ಕೂರುವವರಿಗೆ ನೆಲದ ಮೇಲೆ ಮಲಗುವುದು ಹೊಸದಲ್ಲ. ಮುದುಕರಿಗೆ, ಬಸುರಿಯರಿಗೆ, ಹಸುಗೂಸಿನ ತಾಯಂದಿರಿಗೆ ಆ ಮಾತು ಹೇಳಲಾಗದು. ನಕ್ಷೆ ಬರೆಯುವವನು ಕೋಣೆಗಳ ಸಂಖ್ಯೆಯ ಜೊತೆಗೆ ಚಾಪೆ ಯಾರಿಗೆ ಎಂಬುದನ್ನೂ ಬರೆದುಕೊಡಬೇಕು: ಬಾಡಿಗೆ ಕೊಡಲಾರದವರಿಗೋ, ಅಥವಾ ಕೊಡಬಲ್ಲವರಿಗೂ ಸರದಿಯ ಮೇಲೋ.